ಮರಳಿನ ಮೇಲಿಟ್ಟ ಚಪ್ಪಡಿ

ಆ ಚಪ್ಪಡಿಯನ್ನು ಮರಳಿನ ಮೇಲೆ ಇಟ್ಟವಳು ನಾನು. ಇದು ಈಗ ಊರಿಗೆಲ್ಲ ಗೊತ್ತು. ಯಾರೂ ನನ್ನ ಎದುರಿಗೆ ಆ ಮಾತು ಎತ್ತುವುದಿಲ್ಲ, ಆದರೂ ಚಾವಡಿಯ ಮೆಟ್ಟಿಲು ಹತ್ತುವಾಗ ಹಿಂದೆ ಯಾರಾದರೂ ನಕ್ಕರೆ ನನ್ನ ಬೆನ್ನು ಬಿಸಿಯಾಗುತ್ತದೆ. ಏಳನೇ ತರಗತಿಗೆ ಶಾಲೆ ಬಿಟ್ಟವಳು, ಬರೆದು ಅಭ್ಯಾಸವಿಲ್ಲ. ಆದರೆ ಬಾಯಿಬಿಟ್ಟು ಹೇಳುವಾಗ ಎದುರಿಗಿರುವವರ ಮುಖ ನೋಡಬೇಕಾಗುತ್ತದೆ. ಕಾಗದಕ್ಕೆ ಮುಖವಿಲ್ಲ.

ನಮ್ಮೂರ ಚಾವಡಿಯಲ್ಲಿ ಒಂದು ಗಾಜಿನ ತೊಟ್ಟಿಯಿದೆ. ಅದರೊಳಗೆ ಸಿಕ್ಲಿಡ್ ಎಂಬ ಜಾತಿಯ ಮೀನುಗಳಿವೆ. ಊರವರು ತೋಡುಮೀನು ಅನ್ನುತ್ತಾರೆ. ಬೆಳಗಾದರೆ ಬಾಯಿ ತುಂಬ ಮರಳು ತುಂಬಿಕೊಂಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಉಗುಳುವುದೇ ಅವುಗಳ ಕೆಲಸ. ಅವು ತೊಟ್ಟಿಯಲ್ಲಿ ತೋಡಿದ ಕಡೆ ಊರಿನ ನೆಲ ತಗ್ಗಾಗುತ್ತದೆ, ಉಗುಳಿದ ಕಡೆ ದಿಣ್ಣೆ ಏಳುತ್ತದೆ. ಒಂದು ಪಾವು ಅಕ್ಕಿ ಬೇಯುವಷ್ಟು ಹೊತ್ತು ಸಾಕು. ಒಲೆಯ ಮೇಲಿನ ಹಾಲು ತುಳುಕುವುದಿಲ್ಲ, ಅಷ್ಟು ಮೆಲ್ಲಗೆ. ಬೇರೆ ಊರವರು ಹೊರಗೆ ಹೊರಡುವ ಮುಂಚೆ ಆಕಾಶ ನೋಡುತ್ತಾರಂತೆ. ನಾವು ಚಾವಡಿಯ ಕಿಟಕಿಯಲ್ಲಿ ಇಣುಕಿ ತೊಟ್ಟಿ ನೋಡುತ್ತೇವೆ. ನಮ್ಮ ಮನೆಗಳ ಮೆಟ್ಟಿಲುಗಳು ಮರದವು. ಹೊಸಿಲು ಎತ್ತರವಾದ ದಿನ ಎರಡು ಮೆಟ್ಟಿಲು ಹಚ್ಚುತ್ತೇವೆ, ತಗ್ಗಾದ ದಿನ ಎತ್ತಿ ಗೋಡೆಗೆ ಒರಗಿಸುತ್ತೇವೆ. ಮದುವೆ ಇಟ್ಟುಕೊಂಡವರು ಚಪ್ಪರದ ಜಾಗ ಸಮವಾಗಿರಲಿ ಎಂದು ಮೀನಿಗೆ ಹಿಂದಿನ ದಿನವೇ ಹೊಟ್ಟೆ ತುಂಬ ಹಾಕಿಸುತ್ತಾರೆ. ಹೊಟ್ಟೆ ತುಂಬಿದ ಮೀನು ಕಡಿಮೆ ತೋಡುತ್ತದೆ.

ಕಲ್ಲುಗಳ ಮಾತು ಬೇರೆ. ತೊಟ್ಟಿಯಲ್ಲಿ ಇಟ್ಟ ಕಲ್ಲು ಊರಿನಲ್ಲಿ ಬಂಡೆಯಾಗಿ ನಿಲ್ಲುತ್ತದೆ, ತೆಗೆದರೆ ನೆಲದೊಳಗೆ ಇಳಿದುಹೋಗುತ್ತದೆ. ಹಾಗಾಗಿ ಕಲ್ಲು ಇಡುವ ಅಧಿಕಾರ ಒಬ್ಬರಿಗೇ. ತೊಟ್ಟಿ ನೋಡಿಕೊಳ್ಳುವ ರಾಚಪ್ಪ ತಾತನಿಗೆ. ಅವನ ಕೈಕೆಳಗೆ ನೀರು ಬದಲಿಸಲು, ಗಾಜು ಉಜ್ಜಲು ನಾನು ಸೇರಿಕೊಂಡದ್ದು ಆರು ವರ್ಷದ ಹಿಂದೆ, ಶಾಲೆ ಬಿಟ್ಟ ವರ್ಷವೇ.

ಶಾಲೆ ಬಿಟ್ಟದ್ದು ಅವ್ವನ ಕೆಲಸದ ದೆಸೆಯಿಂದ. ನನ್ನ ಅವ್ವ ದೇವೀರಮ್ಮ ನಮ್ಮ ಓಣಿಯಲ್ಲಿ ಕುರಿ ಮೇಕೆಗಳ ತಲೆಕಾಲು ಸುಟ್ಟುಕೊಡುತ್ತಾಳೆ. ಜನ ಕಸಾಯಿ ಅಂಗಡಿಯಿಂದ ತಲೆಕಾಲು ತಂದು ಕೊಡುತ್ತಾರೆ, ಅವ್ವ ಗಾಳಿ ಊದುವ ತಿದಿ ಒತ್ತಿ ಕೆಂಡ ಮಾಡಿ, ಕೂದಲು ಸುಟ್ಟು, ಕೊಂಬು ಕುಟ್ಟಿ ಬೀಳಿಸಿ, ಕರಿ ಹೆರೆದು, ಅರಿಶಿನ ಸವರಿ ವಾಪಸು ಕೊಡುತ್ತಾಳೆ. ಅವಳ ಹಾಗೆ ಚರ್ಮ ಬಿರಿಯದಂತೆ ಸುಡುವವರು ಊರಿನಲ್ಲಿ ಇನ್ನೊಬ್ಬರಿಲ್ಲ. ಆದರೆ ಸುಟ್ಟ ಕೂದಲಿನ ನಾತ ನನ್ನ ಜಡೆಯಲ್ಲೂ ಲಂಗದಲ್ಲೂ ಇರುತ್ತಿತ್ತು. ತರಗತಿಯಲ್ಲಿ ನನ್ನ ಬೆಂಚಿನ ಹುಡುಗಿಯರು ಒಬ್ಬೊಬ್ಬರಾಗಿ ಹಿಂದಿನ ಬೆಂಚಿಗೆ ಹೋದರು. ಒಂದು ದಿನ ನಾನೇ ಮನೆಗೆ ಹೋದೆ. ತೊಟ್ಟಿಯ ಕೆಲಸ ನನಗೆ ಹಿಡಿಸಿದ್ದು ಅದಕ್ಕೇ. ಮೀನುಗಳು ಗಾಜಿನ ಆಚೆ ಇರುತ್ತವೆ.

ಈ ವರ್ಷ ತೊಟ್ಟಿಯ ಒಂದು ಮೂಲೆ ಬಿರುಕು ಬಿಟ್ಟಿತು. ನೀರು ಜಿನುಗಿ ತಿಂಗಳುಗಟ್ಟಲೆ ಊರಿನ ಮೂಡಣ ಬೀದಿಯ ಗೋಡೆಗಳೆಲ್ಲ ತೇವವಾದವು. ಕೊನೆಗೆ ಸಮಿತಿಯವರು ಹೊಸ ತೊಟ್ಟಿ ತರಿಸಿದರು. ಹನ್ನೆರಡು ಅಡಿ ಉದ್ದ, ಹಳೆಯದರ ಎರಡರಷ್ಟು. ಮೀನುಗಳನ್ನು ಡ್ರಮ್ಮುಗಳಿಗೆ ಸಾಗಿಸಿದೆವು. ಸುಮಾರು ಮೂರು ವಾರ ಊರು ಅಲ್ಲಾಡದೆ ನಿಂತಿತು. ಮುದುಕರು ತಲೆಸುತ್ತುತ್ತದೆ ಎಂದು ಮಲಗಿಬಿಟ್ಟರು.

ಹೊಸ ತೊಟ್ಟಿಗೆ ತಳದಲ್ಲಿ ಏನು ಹಾಸುವುದು, ಯಾವ ಕಲ್ಲು ಇಡುವುದು ಎಂದು ತೀರ್ಮಾನಿಸಲು ಸಮಿತಿ ಕೂತಿತು. ಅಧ್ಯಕ್ಷೆ ವಿಮಲಾ ಟೀಚರ್. ಶಾಲೆಯ ಹೆಡ್ ಟೀಚರಾಗಿ ಊರಿಗೆ ಬಂದು ಎರಡೇ ವರ್ಷ. ಬಟ್ಟೆ ಅಂಗಡಿಯ ಪದ್ಮನಾಭ ಶೆಟ್ಟರು ಎದ್ದು ಮೇಜಿನ ಮೇಲೆ ಒಂದು ತಟ್ಟೆ ಬಿಳಿ ಮಾರ್ಬಲ್ ಚೂರು ಸುರಿದರು.

"ನೋಡಿ, ಹೆಂಗ್ ಫಳಫಳ ಅಂತದೆ! ಬೀದಿಯೆಲ್ಲ ಬೆಳ್ಳಗೆ ಇರ್ತದೆ. ಹೊರಗಿನವರು ಬಂದ್ರೆ ಊರು ಅಂದ್ರೆ ಇದಪ್ಪಾ ಅನ್ಬೇಕು."

"ಬಿಸಿಲಲ್ಲಿ ಕಣ್ಣು ಕುರುಡಾಗ್ತವೆ ಶೆಟ್ರೇ," ಎಂದ ರಾಚಪ್ಪ ತಾತ. "ಹಳೇ ಕರಿ ಜಲ್ಲಿನೇ ತೊಳೆದು ಹಾಕಾನ. ನಮ್ ತಾತನ ಕಾಲದ್ದು ಅದು."

"ನಿಮ್ ತಾತನ ಕಾಲದ್ದು ಅಂತ ನಿನ್ನ ಪಂಚೆನೂ ಬದಲಾಯ್ಸಿಲ್ಲ ನೀನು."

ಜನ ನಕ್ಕರು. ತಾತ ನಿಂಬೆಹಣ್ಣು ತೆಗೆದು ಮಾದರಿಗೆ ತಂದಿಟ್ಟಿದ್ದ ಕಲ್ಲುಗಳ ಮೇಲೆ ಒಂದೊಂದು ಹನಿ ಹಿಂಡುತ್ತ ಹೋದ. ಬುರುಬುರು ನೊರೆ ಬಂದರೆ ಅದರಲ್ಲಿ ಸುಣ್ಣವಿದೆ ಎಂದು ಅರ್ಥ. ನಮ್ಮ ಮೀನುಗಳಿಗೆ ಗಡಸು ನೀರು ಬೇಕು, ಸುಣ್ಣದ ಕಲ್ಲು ಒಗ್ಗುತ್ತದೆ. ಮಾರ್ಬಲ್ಲಿನ ಮೇಲೂ ನೊರೆ ಬಂತು. ಶೆಟ್ಟರು ಚಪ್ಪಾಳೆ ತಟ್ಟಿದರು.

ನಾನು ಕಂಬದ ಹಿಂದೆ ನಿಂತಿದ್ದೆ. ಆರು ವರ್ಷ ಗಾಜು ಉಜ್ಜುತ್ತ ನೋಡಿದ್ದೆ. ಜಲ್ಲಿಯನ್ನು ಬಾಯಲ್ಲಿ ತುಂಬಿಕೊಂಡ ಮೀನುಗಳ ತುಟಿಯ ಅಂಚು ಕೆಂಪಾಗಿರುತ್ತಿತ್ತು. ಮರಳಾದರೆ ಅವು ಜರಡಿ ಹಿಡಿದ ಹಾಗೆ ಕಿವಿರಿನಿಂದ ಹೊರಗೆ ಬಿಡುತ್ತವೆ. ಹಳ್ಳದ ಮರಳು ಸ್ವಲ್ಪ ಬಿದ್ದಿದ್ದ ಮೂಲೆಗೇ ಅವೆಲ್ಲ ಮುತ್ತಿಕೊಳ್ಳುತ್ತಿದ್ದುದನ್ನು ಕಂಡಿದ್ದೆ. "ಮರಳು" ಎಂದೆ. ನನಗೇ ಕೇಳಿಸಲಿಲ್ಲ.

"ತಡೀರಿ, ಆ ಹುಡುಗಿ ಏನೋ ಹೇಳ್ತಿದಾಳೆ," ಎಂದರು ವಿಮಲಾ ಟೀಚರ್. "ಬಾಮ್ಮ ಮುಂದೆ. ಏನು ನಿನ್ನ ಹೆಸರು?"

"ಚೆಲುವಮ್ಮ."

ಎಲ್ಲರೂ ತಿರುಗಿದರು. ಏನು ಮಾಡುವುದೆಂದು ತೋಚದೆ, ನಾನು ತಂದಿಟ್ಟುಕೊಂಡಿದ್ದ ಹಳ್ಳದ ಮರಳಿನಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ತುಟಿಯೊಳಗೆ ಆಡಿಸಿ ಅಂಗೈಗೆ ಉಗುಳಿದೆ. ಆಮೇಲೆ ಮಾರ್ಬಲ್ಲಿನ ಎರಡು ಚೂರು ಹಾಕಿಕೊಂಡು ಹಾಗೇ ಆಡಿಸಿ ಉಗುಳಿದೆ. ಅಂಗೈಯ ಮೇಲೆ ಬಿಳಿ ಚೂರಿನ ಪಕ್ಕ ಒಂದು ತೊಟ್ಟು ರಕ್ತ ಬಿತ್ತು.

"ಅಯ್ಯಯ್ಯೋ, ಹುಡ್ಗಿ ಕಲ್ಲು ತಿಂತಾವಳಲ್ಲಪ್ಪಾ!" ಎಂದು ಯಾರೋ ಕೂಗಿದರು. ನಗು ಎದ್ದಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಟೀಚರ್ ನಗಲಿಲ್ಲ. ನನ್ನ ಕೈ ಹಿಡಿದು ಆ ರಕ್ತವನ್ನು ಶೆಟ್ಟರಿಗೆ ತೋರಿಸಿದರು. "ಇಷ್ಟು ಸ್ಪಷ್ಟವಾಗಿ ನನ್ನ ಶಾಲೆಯಲ್ಲಿ ಯಾರೂ ಪಾಠ ಹೇಳಲ್ಲ," ಎಂದರು. ಮರಳೇ ಆಯಿತು.

ಆಮೇಲಿನ ಎರಡು ವಾರ ನನ್ನ ಬದುಕಿನಲ್ಲಿ ಅತಿ ಒಳ್ಳೆಯ ದಿನಗಳು. ಹಳ್ಳದ ಮರಳನ್ನು ಬೋಗುಣಿಗಳಲ್ಲಿ ತೊಳೆದೆ. ಮೊದಲು ಕಾಫಿ ಬಣ್ಣದ ನೀರು, ಆಮೇಲೆ ಮಜ್ಜಿಗೆ ಬಣ್ಣ, ಹದಿನಾಲ್ಕನೇ ಸಲಕ್ಕೆ ತಿಳಿ. ಶೆಟ್ಟರ ಹೆಂಡತಿ ಕಳಿಸಿದ ಪ್ಲಾಸ್ಟಿಕ್ ತಾವರೆ ಹೂವನ್ನು ತಾತ ಬಾಗಿಲಿಗೆ ತೋರಣ ಮಾಡಿ ಕಟ್ಟಿದ. ತೊಟ್ಟಿಯಲ್ಲಿ ಇಟ್ಟರೆ ಮೀನುಗಳು ಒಂದೇ ದಿನಕ್ಕೆ ಕಿತ್ತು ತೇಲಿಸುತ್ತವೆ. ಕಲ್ಲುಗಳನ್ನು ನಾನೂ ತಾತನೂ ಸೇರಿ ಆರಿಸಿದೆವು. ಮೊನಚಿಲ್ಲದ, ಸುಣ್ಣವಿರುವ ಕಲ್ಲು. ಮರಿಗಳು ಅಡಗಿಕೊಳ್ಳಲು ಬಾಯಿ ಒಡೆದ ನಾಲ್ಕು ಮಡಕೆ. ಎಲ್ಲವನ್ನೂ ಮೊದಲು ಬರಿಯ ಗಾಜಿನ ತಳದ ಮೇಲೆ ಕೂರಿಸಿ, ಅಲ್ಲಾಡಿಸಿ ನೋಡಿ, ಆಮೇಲೆ ಸುತ್ತ ಮರಳು ಸುರಿದೆವು.

"ಇದೊಂದು ಮರೀಬ್ಯಾಡ ಚೆಲ್ವಿ," ಎಂದ ತಾತ. "ಕಲ್ಲಿಗೆ ಗಾಜೇ ನೆಲ. ಮರಳ ಮ್ಯಾಲೆ ಕಲ್ಲು ಇಟ್ಯೋ, ಮೀನು ಅದರ ಬುಡಕ್ಕೇ ಬಾಯಿ ಹಾಕ್ತವೆ. ಇವತ್ತಲ್ಲ ನಾಳೆ ಉರುಳ್ತದೆ. ಉರುಳಿದ್ರೆ ಯಾರ ಮನೆ ಮ್ಯಾಲೆ ಅಂತ ಯಾರಿಗ್ ಗೊತ್ತು?"

ಇನ್ನೊಂದು ಮಾತನ್ನೂ ಹೇಳಿಕೊಟ್ಟ. ಈ ಮೀನುಗಳು ಜಗಳಗಂಟಿಗಳು. ಒಂದು ಇನ್ನೊಂದನ್ನು ಇಡೀ ದಿನ ಕಾಣುತ್ತಿದ್ದರೆ ಕಚ್ಚಿ ಸಾಯಿಸುತ್ತವೆ. ನಡುವೆ ಅಡ್ಡ ಒಂದು ಕಲ್ಲು ಬಂದರೆ ಸಾಕು, ಆಚೆಯ ಮೀನು ಇಲ್ಲವೇ ಇಲ್ಲ ಎಂದುಕೊಂಡು ಸುಮ್ಮನಾಗುತ್ತವೆ. ನಾನು ಆ ಮಾತನ್ನು ಬಹಳ ಹೊತ್ತು ಯೋಚಿಸಿದೆ.

ವಿಮಲಾ ಟೀಚರ್ ದಿನಾ ಸಂಜೆ ಬರುತ್ತಿದ್ದರು. ಮಡಚುವ ಕುರ್ಚಿ ಹಾಕಿಕೊಂಡು ಕೂತು ಇದು ಯಾಕೆ ಹೀಗೆ, ಅದು ಯಾಕೆ ಹಾಗೆ ಎಂದು ನನ್ನನ್ನು ಕೇಳುತ್ತಿದ್ದರು. ಅವರು ಬರುವ ಮುಂಚೆ ನಾನು ಚಾವಡಿಯ ಹಿಂದಿನ ನಲ್ಲಿಯಲ್ಲಿ ಸೋಪು ಹಚ್ಚಿ ಕತ್ತಿನವರೆಗೆ ತೊಳೆದುಕೊಳ್ಳುತ್ತಿದ್ದೆ. ಒಂದು ಸಂಜೆ ಅವರು, "ನೀನು ಮತ್ತೆ ಓದಬೇಕು ಚೆಲುವಮ್ಮ. ಹತ್ತನೇದನ್ನ ಮನೆಯಿಂದಲೇ ಕಟ್ಟಬಹುದು. ನಾನು ಫಾರಂ ತರಿಸ್ತೀನಿ," ಎಂದರು. ಆಮೇಲೆ, "ನಿಮ್ಮ ತಾಯಿ ಏನು ಕೆಲಸ ಮಾಡ್ತಾರೆ?" ಎಂದು ಕೇಳಿದರು.

"ಹೊಲಿಗೆ," ಎಂದೆ.

ಯಾಕೆ ಹೊಲಿಗೆ ಎಂದೆನೋ. ಅವರ ಸೀರೆಯ ಅಂಚಿಗೆ ಹಾಕಿದ ಸಣ್ಣ ಹೊಲಿಗೆಯನ್ನೇ ನೋಡುತ್ತಿದ್ದೆ, ಅದಕ್ಕಿರಬೇಕು.

"ಒಳ್ಳೇದಾಯ್ತು. ನನ್ನದೊಂದು ರವಿಕೆ ಬಿಗಿಯಾಗಿದೆ. ಮಂಗಳವಾರ ಬರ್ತೀನಿ, ಓದಿನ ವಿಷಯನೂ ಮಾತಾಡಿದ ಹಾಗಾಯ್ತು. ನಿಮ್ಮನೆ ಎಲ್ಲಿ?"

"ಸಂತೆ ಬೀದಿ ಹತ್ರ," ಎಂದೆ. ಹೌದು, ಸಂತೆ ಬೀದಿಯಿಂದ ಒಳಗೆ ಹೋದರೆ ನಮ್ಮ ಓಣಿ. ಓಣಿಯ ಬಾಯಲ್ಲೇ ಅವ್ವನ ಒಲೆ. ಬೀದಿಯಲ್ಲಿ ಹೋಗುವ ಯಾರಿಗೂ ಅವಳು ಕಾಣಿಸುತ್ತಾಳೆ, ಮಡಿಲಲ್ಲಿ ಒಂದು ತಲೆ ಇಟ್ಟುಕೊಂಡು.

ಮಂಗಳವಾರ ಮಧ್ಯಾಹ್ನ ಊಟ ಮಾಡಿ ತಾತ ಎಂದಿನಂತೆ ಬೆಂಚಿನ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದ. ಮೀನುಗಳನ್ನು ಅದೇ ಬೆಳಿಗ್ಗೆ ಹೊಸ ತೊಟ್ಟಿಗೆ ಬಿಟ್ಟಿದ್ದೆವು. ಸಂತೆ ಬೀದಿ ಎಂದರೆ ತೊಟ್ಟಿಯ ಮುಂದಿನ ಗಾಜಿನ ಉದ್ದಕ್ಕೂ ಇರುವ ಮರಳು. ನಮ್ಮ ಓಣಿ ಎಂದರೆ ಎರಡು ಬೂದು ಕಲ್ಲುಗಳ ನಡುವೆ ಹಿಂದಕ್ಕೆ ಹೋಗುವ ಸಂದು. ಮೂಲೆಯಲ್ಲಿ ನಾವು ಬೇಡವೆಂದು ಬಿಟ್ಟ ಕಲ್ಲುಗಳಿದ್ದವು. ಅದರಲ್ಲಿ ಅಂಗೈ ಅಗಲದ ಒಂದು ತೆಳು ಚಪ್ಪಡಿ. ಅದನ್ನು ತೆಗೆದುಕೊಂಡು, ತೋಳು ಮುಳುಗಿಸಿ, ಆ ಸಂದಿನ ಬಾಯಿಗೆ ಬಾಗಿಲಿನ ಹಾಗೆ ನಿಲ್ಲಿಸಿದೆ. ಗಾಜಿನವರೆಗೆ ಮರಳು ಬಗೆದು ಕೂರಿಸಲು ಪುರುಸೊತ್ತಿರಲಿಲ್ಲ. ಮರಳಿನ ಮೇಲೇ ಇಟ್ಟೆ. ಹಿಂದಕ್ಕೆ ವಾಲಿತು. ಓಣಿಯ ಕಡೆಯಿಂದ ಒಂದು ಉರುಟು ಕಲ್ಲನ್ನು ಅದರ ಬುಡಕ್ಕೆ ಒತ್ತುಕೊಟ್ಟು ಮರಳು ಮುಚ್ಚಿದೆ. ಒಂದೇ ದಿನಕ್ಕೆ, ನಾಳೆ ತೆಗೆದುಬಿಡುತ್ತೇನೆ ಎಂದುಕೊಂಡೆ. ಕೈ ಒರೆಸಿಕೊಳ್ಳುವಾಗ ತಾತ ಮಗ್ಗುಲು ಬದಲಿಸಿದ.

ಸಂಜೆ ಟೀಚರ್ ಚಾವಡಿಗೆ ಬಂದು, "ಸಂತೆ ಬೀದಿ ಪೂರ್ತಿ ಎರಡು ಸಲ ತಿರುಗಿದೆ. ನಿಮ್ಮನೆ ಸಿಗಲೇ ಇಲ್ಲ. ಅಲ್ಲೊಂದು ದೊಡ್ಡ ಬಂಡೆ ಇದೆ, ಅದರ ಹಿಂದೇನಾ?" ಎಂದರು.

"ಇಲ್ಲ ಟೀಚರ್. ನಾನೇ ಒಂದಿನ ಕರ್ಕೊಂಡು ಹೋಗ್ತೀನಿ."

ನಾನು ಮನೆಗೆ ಹೋದದ್ದು ಹಿಂದಿನ ಚರಂಡಿಯ ಪಕ್ಕದ ಕಾಲುಹಾದಿಯಲ್ಲಿ. ಓಣಿಯ ಬಾಯಲ್ಲಿ ಎರಡು ಆಳೆತ್ತರದ ಬಂಡೆ ನಿಂತಿತ್ತು. ಹೊಗೆ ಬೀದಿಯ ಕಡೆ ಹೋಗಲಾಗದೆ ಓಣಿಯೊಳಗೇ ಸುತ್ತುತ್ತಿತ್ತು. ಅವ್ವ ಕೆಮ್ಮುತ್ತ ಒಲೆಗೆ ನೀರು ಚಿಮುಕಿಸುತ್ತಿದ್ದಳು.

"ನೋಡ್ದೇನೆ ನಿನ್ ಮೀನುಗಳ ಕೆಲ್ಸಾನ?" ಎಂದು ನಕ್ಕಳು. "ಹೊಸ ಮನೆಗೆ ಹೋಗಿದ್ದೇ ತಡ, ನನ್ ಬಾಗ್ಲು ಹಾಕ್ಬುಟ್ಟವೆ. ಅವಕ್ಕೂ ನನ್ ಹೊಗೆ ಆಗ್ನಿಲ್ಲ ಅಂತ ಕಾಣ್ತದೆ."

ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ.

ಮರುದಿನ ತೆಗೆಯಲಾಗಲಿಲ್ಲ. ಹೊಸ ತೊಟ್ಟಿ ನೋಡಲು ಬೆಳಗಿನಿಂದ ಸಂಜೆಯವರೆಗೆ ಜನವೋ ಜನ. ಗುರುವಾರವೂ ಹಾಗೇ ಆಯಿತು. ಇದು ನೆಪ ಎಂದು ಈಗ ಗೊತ್ತಿದೆ. ತಾತ ಮಲಗಿದ ಹೊತ್ತಿನಲ್ಲಿ ಐದು ನಿಮಿಷ ಸಿಗುತ್ತಿತ್ತು. ಆದರೆ ಬೀದಿಯಲ್ಲಿ ನಡೆಯುವಾಗ ಬಲಗಡೆಯ ಓಣಿಯಲ್ಲಿ ಅವ್ವ ಕಾಣಿಸುತ್ತಾಳೆಂಬ ಅಳುಕಿಲ್ಲದೆ ಹೋಗುವ ಸುಖ ಆ ಎರಡು ದಿನ ಸಿಕ್ಕಿತ್ತು. ಇನ್ನೊಂದು ದಿನ ಇರಲಿ ಅನ್ನಿಸಿತು. ಓಣಿಗೆ ತಲೆಕಾಲು ತರುವವರು ಬಂಡೆ ನೋಡಿ ವಾಪಸು ಹೋಗುತ್ತಿದ್ದರು. ಅವ್ವ ಸುಮ್ಮನೆ ತಿದಿಯ ಚರ್ಮಕ್ಕೆ ಎಣ್ಣೆ ಸವರುತ್ತ ಕೂರುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ನಾನು ಗಾಜು ಉಜ್ಜುವಾಗ ಕಂಡೆ. ಒಂದು ಜೋಡಿ ಮೀನು ಚಪ್ಪಡಿಯ ಹಿಂದೆ, ಓಣಿಯ ಕಡೆ, ಮನೆ ಮಾಡಿಕೊಂಡಿತ್ತು. ಹೆಣ್ಣು ಚಪ್ಪಡಿಯ ಮೇಲೆ ಮೊಟ್ಟೆ ಅಂಟಿಸಿತ್ತು. ಗಂಡು ಬುಡದ ಮರಳನ್ನು ಬಾಯಿ ತುಂಬ ತೆಗೆದು ಹೊರಗೆ ಉಗುಳುತ್ತಿತ್ತು. ಚಪ್ಪಡಿ ಓಣಿಯ ಕಡೆಗೆ ವಾಲಿತ್ತು.

ಅಷ್ಟರಲ್ಲಿ ಹೊರಗೆ ಕೂಗು ಕೇಳಿಸಿತು. ನಮ್ಮ ಓಣಿಯವರೆಲ್ಲ ಚರಂಡಿಯ ಹಾದಿಯಲ್ಲಿ ಓಡಿ ಬಂದಿದ್ದರು. ಬಂಡೆ ವಾಲುತ್ತಿದೆ, ಬಿದ್ದರೆ ಮೊದಲ ಮೂರು ಮನೆ ಉಳಿಯುವುದಿಲ್ಲ. ಮೊದಲನೆಯದು ನಮ್ಮದು. ಓಣಿಯವರ ಹಿಂದೆ ಅವ್ವನೂ ಬಂದಳು, ಕೈಯಲ್ಲಿ ತಿದಿ ಹಿಡಿದುಕೊಂಡು. ಮನೆಯಿಂದ ಅದೊಂದನ್ನು ಎತ್ತಿಕೊಂಡು ಬಂದಿದ್ದಳು. ಒಳಗೆ ಬರದೆ ಚಾವಡಿಯ ಬಾಗಿಲಲ್ಲಿ ನಿಂತಳು.

ಸಮಿತಿಯವರು ಬಂದರು. ರಾಚಪ್ಪ ತಾತ ಗಾಜಿಗೆ ಮುಖ ಹಚ್ಚಿ ನೋಡಿ, "ಈ ಕಲ್ಲು ನಾನು ಇಟ್ಟಿದ್ದಲ್ಲ," ಎಂದ.

"ಮತ್ತೆ ಮೀನು ಹೊತ್ಕೊಂಡು ಬಂದ್ವಾ?" ಎಂದರು ಶೆಟ್ಟರು. "ಇಡೋ ಅಧಿಕಾರ ಇರೋದು ನಿಂಗೊಬ್ಬನಿಗೆ. ಅದೂ ಮರಳ ಮೇಲೆ ಇಟ್ಟಿದೀಯ. ಉಂಡು ನಿದ್ದೆಗಣ್ಣಲ್ಲಿ ಇಟ್ಟಿರ್ತೀಯ."

"ಶೆಟ್ರೇ, ನಲವತ್ತು ವರ್ಷದಿಂದ ಈ ಕೈ ಮರಳ ಮ್ಯಾಲೆ ಕಲ್ಲಿಟ್ಟಿಲ್ಲ."

"ವಯಸ್ಸಾಯ್ತು ತಾತ. ಮರೆವು ಬರ್ತದೆ. ಇನ್ನು ಬೇರೆಯವರಿಗೆ ಬಿಟ್ಟುಕೊಡೋದು ಒಳ್ಳೇದು."

ತಾತ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡ. ನಿಜವಾಗಿಯೂ ಇವೇ ಇಟ್ಟವೇನೋ ಎಂದು ಅವನಿಗೆ ಅನುಮಾನ ಬಂದಿತ್ತು. ಅದು ಅವನ ಮುಖದಲ್ಲಿ ಕಾಣುತ್ತಿತ್ತು, ಮತ್ತು ಅದನ್ನು ನೋಡುತ್ತಲೂ ನಾನು ಬಾಯಿ ಬಿಡಲಿಲ್ಲ. ಬರೆಯುವಾಗ ಎಲ್ಲಕ್ಕಿಂತ ಹೆಚ್ಚು ನಾಚಿಕೆ ಆಗುವುದು ಈ ಸಾಲಿಗೇ.

"ಆಯ್ತು, ಮೊದಲು ತೆಗೀರಿ ಅದನ್ನ," ಎಂದರು ಟೀಚರ್. ತಾತ ಮುಂದಿನ ಕಡೆಯಿಂದ, ಬೀದಿಯ ಕಡೆಯಿಂದ ಕೈ ಇಳಿಸಿದ. ಬೆರಳು ತಗುಲಿದರೆ ಸಾಕು, ಹಿಂದಿನ ಒತ್ತುಗಲ್ಲು ಜಾರುತ್ತದೆ. ಅದು ಮರಳಿನಡಿ ಇದೆ, ಯಾರಿಗೂ ಕಾಣುವುದಿಲ್ಲ. ಚಪ್ಪಡಿ ನಿಂತಿದ್ದದ್ದು ಅದೊಂದರ ಮೇಲೆ. ಅದು ಜಾರಿದರೆ ಚಪ್ಪಡಿ ಅಂಗಾತ ಓಣಿಯ ಮೇಲೆ.

"ತಾತ, ಮುಟ್ಬ್ಯಾಡ!" ಎಂದು ಕಿರುಚಿದೆ. ಅಷ್ಟು ಜೋರಾಗಿ ನಾನು ಯಾವತ್ತೂ ಕೂಗಿರಲಿಲ್ಲ. ಮೀನುಗಳು ಕೂಡ ಬೆಚ್ಚಿ ಕಲ್ಲುಗಳ ಹಿಂದೆ ಹೋದವು. "ಹಿಂದೆ ಒತ್ತುಗಲ್ಲಿದೆ. ಮೊದಲು ಹಿಂದಿನಿಂದ ಹಿಡೀಬೇಕು."

"ನಿಂಗೆಂಗ್ ಗೊತ್ತು?" ಎಂದರು ಶೆಟ್ಟರು.

"ಇಟ್ಟೋಳು ನಾನೇ."

ನಾನು ಸ್ಟೂಲು ಎಳೆದು ಹತ್ತಿ ತೋಳನ್ನು ಭುಜದವರೆಗೆ ನೀರಿಗೆ ಇಳಿಸಿದೆ. ಗಂಡು ಮೀನು ಬಂದು ಮಣಿಕಟ್ಟಿಗೆ ಕಚ್ಚಿತು, ಬಿಟ್ಟು ಮತ್ತೆ ಕಚ್ಚಿತು. ಅದರ ಮೊಟ್ಟೆ ನನ್ನ ಕೈಯಲ್ಲಿತ್ತು. ಅಂಗೈಯನ್ನು ಚಪ್ಪಡಿಯ ಹಿಂದಕ್ಕೆ ಕೊಟ್ಟು, ನೆಟ್ಟಗೆ ಮಾಡಿ, ಒಂದೇ ಸಮನೆ ಮೇಲೆತ್ತಿದೆ. ಮೊಟ್ಟೆ ಒಣಗದಂತೆ ತಾತ ಬೋಗುಣಿಯಲ್ಲಿ ನೀರು ಹಿಡಿದ. ಅದರೊಳಗೆ ಇಟ್ಟೆ.

"ಯಾಕಮ್ಮ ಇಟ್ಟೆ?" ಎಂದು ಟೀಚರ್ ಕೇಳಿದರು. ಗದರಿಸುವ ದನಿಯಲ್ಲಲ್ಲ, ತೊಟ್ಟಿಯ ವಿಷಯ ಕೇಳುವ ಹಾಗೆಯೇ. "ಅಲ್ಲಿ ಕಲ್ಲು ಯಾಕೆ ಬೇಕಿತ್ತು?"

ಸುಳ್ಳು ಹೇಳಬಹುದಿತ್ತು. ಮೀನು ಜಗಳವಾಡುತ್ತಿದ್ದವು ಎಂದರೆ ಅವರು ನಂಬುತ್ತಿದ್ದರು. ತಾತ ನನ್ನನ್ನೇ ನೋಡುತ್ತಿದ್ದ. ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೀವು ನಮ್ಮನೆಗೆ ಬರ್ತೀನಿ ಅಂದ್ರಲ್ಲ ಟೀಚರ್. ಅವ್ವ ಹೊಲಿಗೆ ಮಾಡಲ್ಲ. ತಲೆಕಾಲು ಸುಡ್ತಾಳೆ. ಓಣಿ ಬಾಯಲ್ಲೇ ಕೂತಿರ್ತಾಳೆ. ನಿಮಗೆ ಕಾಣಬಾರದು ಅಂತ ಇಟ್ಟೆ."

ಹೇಳುವಾಗ ಅವ್ವ ಬಾಗಿಲಲ್ಲಿರುವುದು ನನಗೆ ಗೊತ್ತಿತ್ತು. ಆ ಕಡೆ ನೋಡದೆ ಹೇಳಿದೆ. ಓಣಿಯವರಲ್ಲಿ ಯಾರೋ, "ಹೆತ್ತವಳ ಮೇಲೆ ಬಂಡೆ ನಿಲ್ಲಿಸಿದಳಲ್ಲ ಪಾಪಿ," ಎಂದರು. ಆಗ ಅವ್ವ ಒಳಗೆ ಬಂದಳು. ತಿದಿಯನ್ನು ಸೆರಗಿನಡಿ ಮುಚ್ಚಿಕೊಂಡಿದ್ದಳು. ಟೀಚರ್ ಅವರಿಂದ ನಾಲ್ಕು ಮಾರು ದೂರದಲ್ಲೇ ನಿಂತು ಹೇಳಿದಳು:

"ಅವಳು ಸುಳ್ಳು ಹೇಳಿಲ್ಲ ಕಣ್ರಮ್ಮ. ನಂಗೆ ಹೊಲಿಗೆನೂ ಬರ್ತದೆ. ಅವಳ ಇಸ್ಕೂಲ್ ಲಂಗ ಎಲ್ಲ ನಾನೇ ಹೊಲೀತಿದ್ದೆ. ನಿಮ್ದೇನಾರ ಇದ್ರೆ ಕೊಡಿ, ಕೈ ತೊಳ್ಕೊಂಡು ಹೊಲ್ಕೊಡ್ತೀನಿ."

ಅವ್ವ ಬೈದಿದ್ದರೆ ನಾನು ನಿಲ್ಲುತ್ತಿದ್ದೆನೇನೋ. ಇದನ್ನು ಕೇಳಿ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅಕ್ಕಿ ಬೇಯುವಷ್ಟು ಹೊತ್ತು ಎಲ್ಲರೂ ಚಾವಡಿಯಲ್ಲೇ ಕಾದರು. ಆಮೇಲೆ ಯಾರೋ ಬಂದು, ಬಂಡೆ ನೆಲಕ್ಕೆ ಇಳಿಯಿತು, ಮನೆಗಳು ನೆಟ್ಟಗಿವೆ ಎಂದರು. ಅವ್ವ ತಿದಿ ಎತ್ತಿಕೊಂಡು ಹೊರಟಳು. ನನ್ನ ಪಕ್ಕ ಹಾದು ಹೋಗುವಾಗ, "ಕೈಗೆ ಅರಿಶಿನ ಹಚ್ಕೋ, ಮೀನು ಕಚ್ಚೈತೆ," ಎಂದಳು. ಅಷ್ಟೇ.

ಕೆಲಸದಿಂದ ನನ್ನನ್ನು ತೆಗೆಯಲಿಲ್ಲ. ತೆಗೆಯಬೇಕು ಎಂದು ಶೆಟ್ಟರು ಹೇಳಿದರು. ತಾತ ಮೂರು ದಿನ ನನ್ನೊಡನೆ ಮಾತಾಡದೆ, ನಾಲ್ಕನೇ ದಿನ, "ಆ ಕಲ್ಲು ಕೊಡು ಇಲ್ಲಿ," ಎಂದ. ಮೊಟ್ಟೆಯಿದ್ದ ಚಪ್ಪಡಿಯನ್ನು ತೊಟ್ಟಿಯಲ್ಲಿ ಊರಿನ ಹೊರಗಿನ ಬಯಲು ಬರುವ ಮೂಲೆಯಲ್ಲಿ, ಗಾಜಿನವರೆಗೆ ಮರಳು ಬಗೆದು ಕೂರಿಸಿದ. ಮರಿಗಳಾದವು. ಆ ಬಂಡೆಯ ನೆರಳಿನಲ್ಲಿ ಈಗ ಕುರಿ ಕಾಯುವವರು ಕೂರುತ್ತಾರೆ. ಟೀಚರ್ ನಮ್ಮ ಓಣಿಗೆ ಬಂದರು. ರವಿಕೆಯನ್ನೂ ಫಾರಮ್ಮನ್ನೂ ಎರಡನ್ನೂ ತಂದರು. ಅವ್ವ ಅವರಿಗೆ ಹೊಗೆ ತಗುಲದ ಕಡೆ ಮಣೆ ಹಾಕಿದಳು. ನಾನು ಹೊಗೆಯ ಕಡೆ ಕೂತೆ. ರವಿಕೆಯ ಹೊಲಿಗೆ ಚೆನ್ನಾಗಿಯೇ ಬಂತು. ಅವ್ವನಿಗೆ ಹೊಲಿಗೆ ಬರುವುದು ನನಗೆ ಗೊತ್ತೇ ಇರಲಿಲ್ಲ. ನನ್ನ ಲಂಗಗಳನ್ನು ಅಂಗಡಿಯಿಂದ ತಂದದ್ದೆಂದು ಚಾವಡಿಯಲ್ಲಿ ಅವಳು ಹೇಳುವವರೆಗೂ ತಿಳಿದಿದ್ದೆ.

ಆ ಉರುಟು ಒತ್ತುಗಲ್ಲನ್ನು ತೆಗೆಯಲು ಮರೆತೆ. ಮೀನುಗಳು ಸುತ್ತಲ ಮರಳು ತೋಡಿದ ಮೇಲೆ ಅದು ನಮ್ಮ ಓಣಿಯ ಬಾಯಲ್ಲಿ ಮೊಣಕಾಲೆತ್ತರದ ಗುಂಡಾಗಿ ಉಳಿಯಿತು. ನೆನಪಾಗಿ ತೆಗೆಯಲು ಹೊರಟಾಗ ಅವ್ವ, "ಇರ್ಲಿ ಬುಡು, ಕೂರಾಕೆ ಚೆಂದಾಗೈತೆ," ಎಂದಳು. ಈಗ ಅದರ ಮೇಲೆ ಕೂತೇ ಸುಡುತ್ತಾಳೆ. ಮುಂಚಿಗಿಂತಲೂ ಬೀದಿಗೆ ಚೆನ್ನಾಗಿ ಕಾಣಿಸುತ್ತಾಳೆ.

ಟೀಚರ್ ಸಂಜೆ ನಡೆಸುವ ಪಾಠಕ್ಕೆ ಈಗ ಹೋಗುತ್ತೇನೆ. ಹೊರ ಊರಿನಿಂದ ಬರುವ ಇಬ್ಬರು ಹುಡುಗಿಯರು ಜೊತೆಗಿದ್ದಾರೆ. ಬಸ್ಸಿನವರೆಗೆ ಒಟ್ಟಿಗೆ ನಡೆಯುತ್ತೇವೆ. ಮೊದಲ ವಾರ ನಾನು ಬಳಸು ದಾರಿ ಹಿಡಿಸಿದೆ, ಸಂತೆ ಬೀದಿಯಲ್ಲಿ ನೆಲ ತಗ್ಗಾಗಿದೆ ಎಂದು. ನಿನ್ನೆ ಅವರಲ್ಲಿ ಒಬ್ಬಳು ಕಿಟಕಿಯಿಂದ ತೊಟ್ಟಿ ನೋಡಿ, "ಇವತ್ತು ಸಮ ಇದೆಯಲ್ಲೇ, ಈ ಕಡೆನೇ ಹೋಗೋಣ," ಎಂದಳು.

ಹೋದೆವು. ಅವ್ವ ದೂರದಿಂದಲೇ ನಮ್ಮನ್ನು ಕಂಡಳು. ಕಂಡವಳೇ ಗುಂಡಿನ ಮೇಲೆ ಕೂತಲ್ಲೇ ತಿರುಗಿ, ಬೀದಿಗೆ ಬೆನ್ನು ಹಾಕಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ನಾನು ಯಾರೋ, ಅವಳು ಯಾರೋ ಎಂಬ ಹಾಗೆ ತಿದಿ ಒತ್ತುತ್ತ ಕೂತಳು. ಇದನ್ನು ಅವಳು ಯಾವಾಗ ಕಲಿತಳೋ. ಈ ವಾರವೆಲ್ಲ, ನಾನು ಬಳಸು ದಾರಿಯಲ್ಲಿ ಹೋಗುವಾಗಲೂ, ಎಲ್ಲಾದರೂ ಈ ಕಡೆ ಬಂದರೆ ಇರಲಿ ಎಂದು ತಯಾರಾಗಿ ಕೂತಿದ್ದಳೇನೋ.

"ಅವ್ವಾ," ಎಂದೆ.

ಅವಳು ತಿರುಗಲಿಲ್ಲ. ತಿದಿಯ ಸದ್ದು ಇನ್ನಷ್ಟು ಜೋರಾಯಿತು. ಹುಡುಗಿಯರು ನನ್ನ ಮುಖ ನೋಡಿದರು. ಹೊಗೆ ನಮ್ಮ ಮೂವರ ಮೇಲೂ ಬಂತು. ನನ್ನ ಕಿವಿ ಸುಡುತ್ತಿತ್ತು. ಓಡಿಹೋಗಲು ಕಾಲು ತುಡಿಯುತ್ತಿದ್ದುದೂ ನಿಜ. ಬೀದಿಯ ಅಂಗಡಿಗಳವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಮತ್ತೆ ಕೂಗಿದೆ.